ಕ್ಲಿಕ್ ಬಿದ್ದರೆ ರ‍್ಯಾಂಕ್ ಏರುತ್ತದೆಯೇ? ನಿಮ್ಮ ಸೈಟಿನಲ್ಲೇ ಪರೀಕ್ಷಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಹುಡುಕಿದವರು ನಮ್ಮ ಲಿಂಕ್ ಅನ್ನೇ ಹೆಚ್ಚು ಒತ್ತಿದರೆ ಗೂಗಲ್ ನಮ್ಮ ಪುಟವನ್ನು ಮೇಲಕ್ಕೆ ತರುತ್ತದೆಯೇ? ಎಸ್‌ಇಒ (ಹುಡುಕಾಟದಲ್ಲಿ ಪುಟವನ್ನು ಮೇಲಕ್ಕೆ ತರುವ ಕೆಲಸ) ಮಾಡುವವರು ಬಹಳ ಕಾಲದಿಂದ ಹೌದು ಎನ್ನುತ್ತಿದ್ದರು. ಗೂಗಲ್ ಕಡೆಯವರು ಒಮ್ಮೆ ಇಲ್ಲ ಎನ್ನುತ್ತಿದ್ದರು, ಒಮ್ಮೆ ಮಾತು ತೇಲಿಸುತ್ತಿದ್ದರು. ಕೊನೆಗೆ ವಿಷಯ ಹೊರಬಿದ್ದದ್ದು ನ್ಯಾಯಾಲಯದಲ್ಲಿ. ಉತ್ತರ ಹೌದು ಎಂದೇ. ಆದರೆ ಅಲ್ಲಿ ಲೆಕ್ಕಕ್ಕೆ ಬರುವ ಕ್ಲಿಕ್ ನಾವು ಅಂದುಕೊಂಡ ಕ್ಲಿಕ್ ಅಲ್ಲ. ಈ ವ್ಯತ್ಯಾಸ ಹಿಡಿಯದೆ ಕೆಲಸಕ್ಕಿಳಿದರೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ.

ಗೊತ್ತಾಗಿರುವುದು ಇಷ್ಟು

ಅಮೆರಿಕ ಸರ್ಕಾರ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, 2023ರ ಅಕ್ಟೋಬರ್‌ನಲ್ಲಿ ಗೂಗಲ್ ಸರ್ಚ್ ವಿಭಾಗದ ಉಪಾಧ್ಯಕ್ಷ ಪಾಂಡು ನಾಯಕ್ ಸಾಕ್ಷಿ ನುಡಿದರು. ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆಯೊಂದಿದೆ, ಅದು 2005ರ ಆಸುಪಾಸಿನಿಂದಲೇ ಕೆಲಸ ಮಾಡುತ್ತಿದೆ ಎಂಬುದು ಆಗ ಸ್ಪಷ್ಟವಾಯಿತು. ಯಾವ ಹುಡುಕಾಟಕ್ಕೆ ಜನ ಯಾವ ಫಲಿತಾಂಶ ಒತ್ತಿದರು ಎಂಬ ಹಿಂದಿನ 13 ತಿಂಗಳ ದಾಖಲೆಯನ್ನು ಅದು ಇಟ್ಟುಕೊಳ್ಳುತ್ತದೆ. ಮೊದಲು ಈ ಅವಧಿ 18 ತಿಂಗಳಿತ್ತು. ಹತ್ತಾರು ಸಾವಿರ ಪುಟಗಳನ್ನು ಕೆಲವು ನೂರಕ್ಕೆ ಇಳಿಸುವ ಹಂತದಲ್ಲಿ ಅದಕ್ಕೆ ದೊಡ್ಡ ಪಾತ್ರ. ಪ್ರದೇಶವಾರು, ಮೊಬೈಲ್ ಮತ್ತು ಡೆಸ್ಕ್‌ಟಾಪ್‌ವಾರು ದಾಖಲೆ ಬೇರೆ ಬೇರೆ.

2024ರ ಮೇ ತಿಂಗಳಲ್ಲಿ ಗೂಗಲ್‌ನ ಒಳಗಿನ ತಾಂತ್ರಿಕ ದಾಖಲೆಗಳು ಸೋರಿದವು. ಅದರಲ್ಲಿದ್ದ 14,014 ಗುಣಲಕ್ಷಣಗಳ ನಡುವೆ ‘ಗುಡ್ ಕ್ಲಿಕ್ಸ್’, ‘ಬ್ಯಾಡ್ ಕ್ಲಿಕ್ಸ್’, ‘ಲಾಸ್ಟ್ ಲಾಂಗೆಸ್ಟ್ ಕ್ಲಿಕ್ಸ್’ ಎಂಬ ಹೆಸರುಗಳಿದ್ದವು. ಹೆಸರುಗಳೇನೋ ಇದ್ದವು, ಯಾವುದಕ್ಕೆ ಎಷ್ಟು ತೂಕ ಎಂಬುದು ಇರಲಿಲ್ಲ. ‘ಕ್ಲಿಕ್‌ಗೆ ಇಷ್ಟು ಪರ್ಸೆಂಟ್ ಮಹತ್ವ’ ಎಂದು ಯಾರಾದರೂ ಪಟ್ಟಿ ಮಾರಿದರೆ ಅದು ಅವರ ಸ್ವಂತ ಕಲ್ಪನೆ ಎಂದು ತಿಳಿಯಿರಿ.

ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಒಂದು ಹೋಲಿಕೆ ಇದೆ: ಗೂಗಲ್‌ಗೆ 13 ತಿಂಗಳಲ್ಲಿ ಸಿಗುವಷ್ಟು ಬಳಕೆದಾರರ ಮಾಹಿತಿ ಒಟ್ಟಾಗಲು ಬಿಂಗ್‌ಗೆ 17 ವರ್ಷಕ್ಕೂ ಹೆಚ್ಚು ಬೇಕು. 2025ರ ಸೆಪ್ಟೆಂಬರ್‌ನ ಪರಿಹಾರ ಆದೇಶದಲ್ಲಿ ಇಂಥ ಮಾಹಿತಿಯ ಒಂದು ಭಾಗವನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಹಂಚಬೇಕು ಎಂದೂ ಹೇಳಿದರು. ಕ್ಲಿಕ್ ದಾಖಲೆಗೆ ಬೆಲೆಯೇ ಇಲ್ಲದಿದ್ದರೆ ಇಷ್ಟು ಜಗ್ಗಾಟ ನಡೆಯುತ್ತಿರಲಿಲ್ಲ.

ಬಿಂಗ್ ಈ ವಿಷಯದಲ್ಲಿ ಮುಚ್ಚುಮರೆ ಮಾಡುವುದಿಲ್ಲ. ಜನ ಫಲಿತಾಂಶ ಒತ್ತಿದರೇ, ಒತ್ತಿ ಅಲ್ಲೇ ಉಳಿದರೇ, ತಕ್ಷಣ ವಾಪಸ್ ಬಂದರೇ ಎಂದು ನೋಡುವುದಾಗಿ ತನ್ನ ವೆಬ್‌ಮಾಸ್ಟರ್ ಮಾರ್ಗಸೂಚಿಯಲ್ಲೇ ಬರೆದಿದೆ. ರಷ್ಯಾದ ಯಾಂಡೆಕ್ಸ್ ಕೂಡ ಬಳಕೆದಾರರ ವರ್ತನೆಯನ್ನು ಬಹಿರಂಗವಾಗಿಯೇ ಎಣಿಸುತ್ತದೆ, ಕೃತಕ ಕ್ಲಿಕ್ ಹಾಕಿಸಿದ ಸೈಟುಗಳಿಗೆ ಶಿಕ್ಷೆಯನ್ನೂ ಕೊಡುತ್ತದೆ.

ಹಂತ 1: ಯಾವ ಕ್ಲಿಕ್ ಎಂದು ಬಿಡಿಸಿಕೊಳ್ಳಿ

ಒಬ್ಬರು ‘ಪಹಣಿ ತಿದ್ದುಪಡಿ’ ಎಂದು ಹುಡುಕುತ್ತಾರೆ ಅನ್ನಿ. ಮೊದಲ ಫಲಿತಾಂಶ ಒತ್ತುತ್ತಾರೆ. ಶೀರ್ಷಿಕೆಯಲ್ಲಿ ‘ಇಲ್ಲಿದೆ ಸಂಪೂರ್ಣ ಮಾಹಿತಿ’ ಎಂದಿದ್ದರೂ ಒಳಗೆ ಪಹಣಿ ಎಂದರೇನು ಎಂಬ ನಾಲ್ಕು ಪ್ಯಾರಾ, ನಡುನಡುವೆ ಜಾಹೀರಾತು. ಆರು ಸೆಕೆಂಡಿನಲ್ಲಿ ಹಿಂದಕ್ಕೆ. ಎರಡನೆಯದನ್ನು ಬಿಟ್ಟು ಮೂರನೆಯದನ್ನು ಒತ್ತುತ್ತಾರೆ. ಅಲ್ಲಿ ಯಾವ ಕಚೇರಿಗೆ ಹೋಗಬೇಕು, ಯಾವ ದಾಖಲೆ ಒಯ್ಯಬೇಕು ಎಂದು ಮೇಲೆಯೇ ಇದೆ. ಓದಿ ಫೋನ್ ಜೇಬಿಗಿಡುತ್ತಾರೆ.

ಇಲ್ಲಿ ಬಿದ್ದದ್ದು ಎರಡು ಕ್ಲಿಕ್. ನಿಮ್ಮ ಸರ್ಚ್ ಕನ್ಸೋಲ್‌ನಲ್ಲಿ (ಹುಡುಕಾಟದಲ್ಲಿ ಸೈಟು ಎಷ್ಟು ಸಲ ಕಂಡಿತು, ಎಷ್ಟು ಕ್ಲಿಕ್ ಬಿತ್ತು ಎಂದು ತೋರಿಸುವ ಗೂಗಲ್‌ನ ಉಪಕರಣ) ಎರಡಕ್ಕೂ ಒಂದೇ ಬೆಲೆ. ಸರ್ಚ್ ಎಂಜಿನ್‌ಗೆ ಮಾತ್ರ ಮೊದಲನೆಯದು ದೂರು, ಕೊನೆಯದು ಮೆಚ್ಚುಗೆ. ಶೀರ್ಷಿಕೆಯ ಜೋರಿನಿಂದ ಕ್ಲಿಕ್ ಎಳೆದು ಒಳಗೆ ಸರಕಿಲ್ಲದೆ ಕಳಿಸುವವರು ತಮ್ಮ ವಿರುದ್ಧ ತಾವೇ ಸಾಕ್ಷಿ ಒದಗಿಸುತ್ತಿರುತ್ತಾರೆ. ‘ಬಿಗ್ ಅಪ್ಡೇಟ್’ ಶೀರ್ಷಿಕೆಗಳ ಕನ್ನಡ ಸೈಟುಗಳು ಎರಡು ದಿನ ಮಿಂಚಿ ಮರೆಯಾಗುವುದಕ್ಕೆ ಇದೊಂದೇ ಕಾರಣ ಎನ್ನಲಾಗದು, ಆದರೆ ಆ ಶೀರ್ಷಿಕೆಗಳು ಅವುಗಳಿಗೆ ನೆರವಾಗುತ್ತಿಲ್ಲ ಎಂಬುದಂತೂ ಖರೆ.

ಇನ್ನೊಂದು ಮಾತು. ‘ಪಹಣಿ ಡೌನ್‌ಲೋಡ್’ ಎಂದು ಹುಡುಕುವವರಿಗೆ ಬೇಕಾದದ್ದು ಕಂದಾಯ ಇಲಾಖೆಯ ಭೂಮಿ ತಾಣ. ನಿಮ್ಮ ಲೇಖನ ಎಷ್ಟೇ ಚೆನ್ನಾಗಿರಲಿ, ಕೊನೆಯ ಕ್ಲಿಕ್ ಅಲ್ಲಿಗೇ ಹೋಗುತ್ತದೆ. ಇಂಥ ಹುಡುಕಾಟಗಳನ್ನು ಪಟ್ಟಿಯಿಂದ ಮೊದಲೇ ಕೈಬಿಡಿ.

ಹಂತ 2: ಲೆಕ್ಕ ತೆಗೆಯಿರಿ

ಸರ್ಚ್ ಕನ್ಸೋಲ್ ತೆರೆದು ಪರ್ಫಾರ್ಮೆನ್ಸ್ ವರದಿಗೆ ಹೋಗಿ. ಅವಧಿ 28 ದಿನ ಇಡಿ. 30 ಇಟ್ಟರೆ ಒಂದು ಅವಧಿಯಲ್ಲಿ ನಾಲ್ಕು ಭಾನುವಾರ, ಇನ್ನೊಂದರಲ್ಲಿ ಐದು ಬಂದು ಹೋಲಿಕೆ ಕೆಡುತ್ತದೆ. ಸರ್ಚ್ ಟೈಪ್ ವೆಬ್, ದೇಶ ಭಾರತ, ಸಾಧನ ಮೊಬೈಲ್ ಎಂದು ಆರಿಸಿ. ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಸಲ), ಸಿಟಿಆರ್ (ನೂರು ಇಂಪ್ರೆಶನ್‌ಗೆ ಬಿದ್ದ ಕ್ಲಿಕ್), ಸರಾಸರಿ ಸ್ಥಾನ ನಾಲ್ಕನ್ನೂ ಆನ್ ಮಾಡಿ. ಆಮೇಲೆ ಒಂದೇ ಪುಟದ ವಿಳಾಸವನ್ನು ಫಿಲ್ಟರ್‌ಗೆ ಹಾಕಿ ಕ್ವೆರಿ, ಅಂದರೆ ಜನ ಹುಡುಕಿದ ಪದಗಳ ಟ್ಯಾಬ್ ನೋಡಿ. ಕ್ಲಿಕ್ ದಾಖಲಾಗುವುದು ಹುಡುಕಾಟಕ್ಕೊಂದರಂತೆ, ಹಾಗಾಗಿ ಪುಟ ಮತ್ತು ಹುಡುಕಾಟದ ಜೋಡಿಯೇ ನಿಮ್ಮ ಘಟಕ. ಇಡೀ ಸೈಟಿನ ಸರಾಸರಿ ಸಿಟಿಆರ್ ಯಾವ ಕೆಲಸಕ್ಕೂ ಬಾರದ ಸಂಖ್ಯೆ.

ಕನ್ನಡ ಸೈಟಿನವರಿಗೆ ಒಂದು ಉಪಾಯ. ಕ್ವೆರಿ ಫಿಲ್ಟರ್‌ನಲ್ಲಿ ಕಸ್ಟಮ್ ರಿಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಸೋಸುವ ಆಯ್ಕೆ) ಆರಿಸಿ [ಅ-ಹ] ಎಂದು ಬರೆದರೆ ಕನ್ನಡ ಲಿಪಿಯ ಹುಡುಕಾಟಗಳಷ್ಟೇ ಬರುತ್ತವೆ. ‘ಹೊಂದದವು’ ಎಂಬ ಆಯ್ಕೆಗೆ ಬದಲಾಯಿಸಿದರೆ ಇಂಗ್ಲಿಷ್ ಲಿಪಿಯಲ್ಲಿ ಟೈಪಿಸಿದ ಕನ್ನಡ ಮತ್ತು ಉಳಿದವು ಸಿಗುತ್ತವೆ. ಇವೆರಡನ್ನು ಬೇರೆ ಬೇರೆ ಹಾಳೆಯಲ್ಲಿಡಿ. ಇಂಗ್ಲಿಷ್ ಲಿಪಿಯಲ್ಲಿ ಹುಡುಕಿದವರಿಗೆ ಯೂಟ್ಯೂಬ್ ವಿಡಿಯೊ, ಇಂಗ್ಲಿಷ್ ಪುಟಗಳ ಜತೆ ನಿಮ್ಮ ಪುಟ ಕಾಣುತ್ತದೆ. ಸ್ಥಾನ ಒಂದೇ ಇದ್ದರೂ ಕ್ಲಿಕ್ ಪ್ರಮಾಣ ಒಂದೇ ಇರುವುದಿಲ್ಲ.

ಎರಡೂ ಹಾಳೆ ಕೂಡಿಸಿದರೂ ಒಟ್ಟು ಮೊತ್ತ ತಾಳೆಯಾಗದಿದ್ದರೆ ಗಾಬರಿ ಬೇಡ. ಬೆರಳೆಣಿಕೆಯ ಜನ ಹುಡುಕಿದ ಪದಗಳನ್ನು ಗೌಪ್ಯತೆಯ ಕಾರಣಕ್ಕೆ ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ಒಂದೇ ಪದವನ್ನು ನಾಲ್ಕು ಬಗೆಯಲ್ಲಿ ಬರೆಯುವ ನಮ್ಮಲ್ಲಿ ಹೀಗೆ ಮರೆಯಾಗುವ ಪಾಲು ಸಾಕಷ್ಟಿರುತ್ತದೆ. ವರದಿಯ ಪುಟದಲ್ಲಿ ಸಿಗುವುದು 1,000 ಸಾಲು ಮಾತ್ರ. ದೊಡ್ಡ ಸೈಟಾದರೆ ಗೂಗಲ್‌ನ ದತ್ತಾಂಶ ಸಂಗ್ರಹ ಸೇವೆಯಾದ ಬಿಗ್‌ಕ್ವೆರಿಗೆ ಬಲ್ಕ್ ಎಕ್ಸ್‌ಪೋರ್ಟ್ ಹಾಕಿಕೊಳ್ಳಿ. ಅಂದಹಾಗೆ, ಕನ್ಸೋಲ್‌ನ ‘ದಿನ’ ಕ್ಯಾಲಿಫೋರ್ನಿಯಾ ಕಡೆಯ ಪೆಸಿಫಿಕ್ ಸಮಯದ್ದು. ನಮ್ಮ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ ಅಲ್ಲಿ ಹೊಸ ದಿನ ಶುರು. ಹಬ್ಬದ ದಿನದ ಏರಿಳಿತ ಪಕ್ಕದ ದಿನಕ್ಕೆ ಜಾರಿರುವುದು ಇದರಿಂದಲೇ.

ಹಂತ 3: ಸರಾಸರಿ ಸಂಖ್ಯೆಗೆ ಮೋಸಹೋಗಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ಒಂದು ಪುಟವನ್ನು ಲೆಕ್ಕಕ್ಕೆಂದು ಇಟ್ಟುಕೊಳ್ಳೋಣ. ಕಳೆದ ತಿಂಗಳು 1,000 ಇಂಪ್ರೆಶನ್, ಸರಾಸರಿ ಸ್ಥಾನ 3, ಕ್ಲಿಕ್ 80. ಸಿಟಿಆರ್ ಶೇ. 8. ಶೀರ್ಷಿಕೆ ತಿದ್ದಿದಿರಿ. ಈ ತಿಂಗಳು ಅದೇ ಹುಡುಕಾಟಗಳಲ್ಲಿ 1,000 ಇಂಪ್ರೆಶನ್‌ಗೆ 90 ಕ್ಲಿಕ್, ಅಂದರೆ ಶೇ. 9. ಜತೆಗೆ ಹೊಸ ಹುಡುಕಾಟಗಳಲ್ಲಿ 35ನೇ ಸ್ಥಾನದಲ್ಲಿ 4,000 ಸಲ ಕಾಣಿಸಿಕೊಂಡು 4 ಕ್ಲಿಕ್ ಬಂದಿವೆ. ಪುಟದ ಒಟ್ಟು ಲೆಕ್ಕ: 5,000ಕ್ಕೆ 94, ಸಿಟಿಆರ್ ಶೇ. 1.88, ಸರಾಸರಿ ಸ್ಥಾನ 28.6. ಕ್ಲಿಕ್ ಹೆಚ್ಚಾಗಿದೆ, ಪುಟ ಹೊಸ ಕಡೆಗಳಿಗೆ ಹಬ್ಬಿದೆ, ಆದರೂ ವರದಿ ನೋಡಿದವರು ‘ಎಲ್ಲ ನೆಲಕಚ್ಚಿತು’ ಎಂದು ಹಳೆಯ ಶೀರ್ಷಿಕೆಗೆ ಮರಳುತ್ತಾರೆ.

ಎರಡನೆಯ ಮೋಸ ಸಣ್ಣ ಸಂಖ್ಯೆಯದು. 1,000 ಇಂಪ್ರೆಶನ್‌ಗೆ ಶೇ. 3 ಸಿಟಿಆರ್ ಇದ್ದರೆ, ಏನೂ ಬದಲಾಗದೆಯೇ ಅದು ಶೇ. 2ರಿಂದ 4ರ ನಡುವೆ ಓಲಾಡಬಹುದು. ಹಾಗಾಗಿ 3 ಹೋಗಿ 4 ಆಯಿತೆಂದು ಬೀಗುವಂತಿಲ್ಲ. 10,000 ಇಂಪ್ರೆಶನ್ ಇದ್ದರೆ ಓಲಾಟ ಶೇ. 0.3ರಷ್ಟಕ್ಕೆ ಇಳಿಯುತ್ತದೆ, ಆಗ ಅದೇ ಏರಿಕೆಗೆ ಅರ್ಥವಿದೆ. ಒಂದು ಪುಟಕ್ಕೆ ಅಷ್ಟು ಇಂಪ್ರೆಶನ್ ಇಲ್ಲದಿದ್ದರೆ ಒಂದೇ ಬಗೆಯ ಹತ್ತು ಪುಟಗಳನ್ನು ಗುಂಪಾಗಿ ಅಳೆಯಿರಿ.

ಮೂರನೆಯದು ಎಲ್ಲಕ್ಕಿಂತ ಹಳೆಯದು: ಮೇಲಿದ್ದುದನ್ನು ಜನ ಮೇಲಿದೆ ಎಂಬ ಕಾರಣಕ್ಕೇ ಒತ್ತುತ್ತಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಆಕಿಮ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕಣ್ಣಿನ ಚಲನೆಯ ಅಧ್ಯಯನದಲ್ಲಿ ಮೊದಲೆರಡು ಫಲಿತಾಂಶಗಳನ್ನು ಅದಲುಬದಲು ಮಾಡಿ ತೋರಿಸಿದಾಗಲೂ ಜನ ಮೇಲಿನದನ್ನೇ ಹೆಚ್ಚು ಒತ್ತಿದರು. ಸರ್ಚ್ ಎಂಜಿನ್‌ಗಳಿಗೆ ಇದು ಗೊತ್ತು. ಆ ಸ್ಥಾನಕ್ಕೆ ಸಹಜವಾಗಿ ಬರಬೇಕಾದಷ್ಟು ಕ್ಲಿಕ್ ಬಂದರೆ ಅದರಲ್ಲಿ ಸುದ್ದಿಯೇನೂ ಇಲ್ಲ. ನೀವೂ ಹಾಗೆಯೇ ನೋಡಬೇಕು.

ಅದಕ್ಕೊಂದು ಕೋಷ್ಟಕ ಬೇಕು. ಸೈಟಿನ ಹೆಸರನ್ನೇ ಹುಡುಕಿದ ಸಾಲುಗಳನ್ನು ತೆಗೆದುಹಾಕಿ, ಉಳಿದ ಜೋಡಿಗಳನ್ನು ಸ್ಥಾನ 1, 2, 3 ಹೀಗೆ 10ರವರೆಗೆ ವಿಂಗಡಿಸಿ, ಪ್ರತಿ ಸ್ಥಾನದ ಮಧ್ಯಮ ಸಿಟಿಆರ್ (ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದು) ಬರೆದಿಡಿ. ಅಂತರ್ಜಾಲದಲ್ಲಿ ಓಡಾಡುವ ‘ಮೊದಲ ಸ್ಥಾನಕ್ಕೆ ಇಷ್ಟು’ ಎಂಬ ಪಟ್ಟಿಗಳು ಹೆಚ್ಚಾಗಿ ಇಂಗ್ಲಿಷ್ ಹುಡುಕಾಟದವು, ಕನ್ನಡಕ್ಕೆ ಹೊಂದುವುದಿಲ್ಲ. ನಿಮ್ಮ ಸೈಟಿನ ಕೋಷ್ಟಕವೇ ನಿಮ್ಮ ಅಳತೆಗೋಲು.

ಹಂತ 4: ಜೋಡಿಗಳನ್ನು ಆರಿಸಿ

28 ದಿನದಲ್ಲಿ ಕನಿಷ್ಠ 1,000 ಇಂಪ್ರೆಶನ್, ಸ್ಥಾನ 4ರಿಂದ 10, ಸಿಟಿಆರ್ ನಿಮ್ಮ ಕೋಷ್ಟಕಕ್ಕಿಂತ ಕೆಳಗೆ. ಈ ಮೂರೂ ಇರುವ 20 ಜೋಡಿ ಸಾಕು. ಇಪ್ಪತ್ತೂ ಬೇರೆ ಬೇರೆ ಪುಟಗಳದ್ದಾಗಿರಲಿ. 30ನೇ ಸ್ಥಾನದಲ್ಲಿರುವ ಪುಟಕ್ಕೆ ಈ ದಾರಿ ಅಲ್ಲ. ಅಲ್ಲಿ ಕ್ಲಿಕ್ಕೇ ಬೀಳುವುದಿಲ್ಲ, ದಾಖಲಾಗಲು ಏನೂ ಇರುವುದಿಲ್ಲ.

ಪ್ರತಿ ಹುಡುಕಾಟವನ್ನೂ ಫೋನಿನಲ್ಲಿ ಇನ್‌ಕಾಗ್ನಿಟೊದಲ್ಲಿ ಒಮ್ಮೆ ನೋಡಿ. ಮೇಲೆ ಎಐ ಸಾರಾಂಶವೋ ಉತ್ತರದ ಪೆಟ್ಟಿಗೆಯೋ ವಿಡಿಯೊ ಸಾಲೋ ಕೂತಿದ್ದರೆ ಸಿಟಿಆರ್ ಕಡಿಮೆಯಾದದ್ದು ನಿಮ್ಮ ಶೀರ್ಷಿಕೆಯ ತಪ್ಪಲ್ಲ. ಅಂಥವನ್ನು ಪಕ್ಕಕ್ಕಿಡಿ. ಲಾಗಿನ್ ಆದ ಫೋನಿನಲ್ಲಿ ನೋಡಬೇಡಿ. ನಿಮ್ಮ ಪುಟವನ್ನು ದಿನವೂ ಒತ್ತುವ ನಿಮಗೆ ಅದು ಮೇಲೆಯೇ ಕಂಡೀತು.

ಹಂತ 5: ಪರೀಕ್ಷೆ

ಶೀರ್ಷಿಕೆ ಬದಲಾಯಿಸಿದಿರಿ, ಕ್ಲಿಕ್ ಹೆಚ್ಚಿತು, ಸ್ಥಾನವೂ ಏರಿತು. ಕ್ಲಿಕ್‌ನಿಂದ ಏರಿತೆಂದು ಹೇಳಬಹುದೇ? ಆಗದು. ಶೀರ್ಷಿಕೆಯ ಪದಗಳೇ ರ‍್ಯಾಂಕಿಂಗ್‌ಗೆ ಲೆಕ್ಕ. ‘ತಿದ್ದುಪಡಿ’ ಎಂಬ ಪದ ಸೇರಿಸಿದ್ದಕ್ಕೇ ಪುಟ ಏರಿರಬಹುದು, ಏರಿದ್ದಕ್ಕೆ ಕ್ಲಿಕ್ ಹೆಚ್ಚಿರಬಹುದು. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಲಾಗುವುದಿಲ್ಲ. ಶೀರ್ಷಿಕೆ ಬದಲಿಸಿ ‘ಕ್ಲಿಕ್ ಪ್ರಭಾವ ಸಾಬೀತಾಯಿತು’ ಎನ್ನುವ ಬಹುತೇಕ ಪ್ರಯೋಗಗಳು ಮುಗ್ಗರಿಸುವುದು ಈ ಕಲ್ಲಿಗೇ.

ಅದಕ್ಕೆ ಮೊದಲ ಸುತ್ತಿನಲ್ಲಿ ಶೀರ್ಷಿಕೆ ಮುಟ್ಟಬೇಡಿ. ಮೆಟಾ ವಿವರಣೆ, ಅಂದರೆ ಫಲಿತಾಂಶದಲ್ಲಿ ಶೀರ್ಷಿಕೆಯ ಕೆಳಗೆ ತೋರಿಸಲೆಂದು ಪುಟದ ಕೋಡ್‌ನಲ್ಲಿ ಬರೆದಿಡುವ ಸಾಲು ಮಾತ್ರ ಬದಲಿಸಿ. ವಿವರಣೆಯ ಪದಗಳನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಅದು ಕೆಲಸ ಮಾಡುವುದು ಓದುಗರ ಕಣ್ಣಿನ ಮೇಲೆ ಮಾತ್ರ. ಹಾಗಾಗಿ ವಿವರಣೆ ಬದಲಾದ ಪುಟಗಳ ಸ್ಥಾನ ಸರಿದರೆ ಕ್ಲಿಕ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಕ್ರಮ ಹೀಗೆ. ಇಪ್ಪತ್ತು ಪುಟಗಳಲ್ಲಿ ಹತ್ತನ್ನು ಚೀಟಿ ಎತ್ತಿ ಆರಿಸಿ. ಕೈಯಾರೆ ಆರಿಸಿದರೆ ಇಷ್ಟದ ಪುಟಗಳೇ ಬಂದುಬಿಡುತ್ತವೆ. ಆ ಹತ್ತರ ವಿವರಣೆ ಮಾತ್ರ ಬದಲಿಸಿ, ಉಳಿದ ಹತ್ತನ್ನು ಹಾಗೇ ಬಿಡಿ. ಹುಡುಕಾಟದ ಪದಗಳು ವಿವರಣೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಗೂಗಲ್ ಅದನ್ನು ಬಿಟ್ಟು ಪುಟದ ಒಳಗಿನ ಯಾವುದೋ ಸಾಲನ್ನು ತೋರಿಸುತ್ತದೆ. ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ (ಸರ್ಚ್ ಕನ್ಸೋಲ್‌ನದೇ ಸೌಲಭ್ಯ) ಮರು ಇಂಡೆಕ್ಸ್ ಕೇಳಿ, ಅಂದರೆ ಗೂಗಲ್ ಪುಟವನ್ನು ಮತ್ತೆ ಓದಿಕೊಳ್ಳಲಿ, ಒಂದು ವಾರ ಬಿಟ್ಟು ಫಲಿತಾಂಶದಲ್ಲಿ ಹೊಸ ಸಾಲು ನಿಜಕ್ಕೂ ಕಾಣುತ್ತಿದೆಯೇ ಎಂದು ನೋಡಿ. ಕಾಣದ ಪುಟವನ್ನು ಲೆಕ್ಕದಿಂದ ಕೈಬಿಡಿ. ಅಲ್ಲಿಂದ 28 ದಿನ ಎಣಿಸಿ. ನಡುವೆ ಗೂಗಲ್ ಕೋರ್ ಅಪ್‌ಡೇಟ್ (ರ‍್ಯಾಂಕಿಂಗ್ ವ್ಯವಸ್ಥೆಯ ದೊಡ್ಡ ಬದಲಾವಣೆ) ಬಂದರೆ ಪರೀಕ್ಷೆ ರದ್ದು, ಅದು ಮುಗಿದ ಮೇಲೆ ಮತ್ತೆ ಮೊದಲಿಂದ. ಅಪ್‌ಡೇಟ್ ಶುರುವಾದ, ಮುಗಿದ ದಿನಾಂಕ ಗೂಗಲ್ ಸರ್ಚ್‌ನ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಇರುತ್ತದೆ.

ಓದುವಾಗ ಮೊದಲು ಅದೇ ಸ್ಥಾನದಲ್ಲಿ ಸಿಟಿಆರ್ ಏರಿತೇ ನೋಡಿ. ಆಮೇಲೆ ಸ್ಥಾನ. ಮುಟ್ಟದೆ ಬಿಟ್ಟ ಹತ್ತೂ ಅಷ್ಟೇ ಏರಿದ್ದರೆ ನಿಮ್ಮ ಬದಲಾವಣೆಗೆ ಶ್ರೇಯಸ್ಸಿಲ್ಲ. ಸಿಟಿಆರ್ ಏರಿ ಸ್ಥಾನ ಇದ್ದಲ್ಲೇ ಇದ್ದರೆ ಸೋತಿರೆಂದಲ್ಲ. 13 ತಿಂಗಳ ದಾಖಲೆಯ ಎದುರು ಒಂದು ತಿಂಗಳ ಬದಲಾವಣೆ ಸಣ್ಣದು. 90 ದಿನಕ್ಕೆ ಇನ್ನೊಮ್ಮೆ ನೋಡಿ. ಸಿಟಿಆರ್ ಏರಿ ಸ್ಥಾನ ಇಳಿದರೆ, ಬಂದವರು ಒಳಗೆ ನಿರಾಶರಾಗುತ್ತಿದ್ದಾರೆಯೇ ಎಂದು ಶಂಕಿಸಿ, ಹಂತ 7ಕ್ಕೆ ಹೋಗಿ.

ಹಂತ 6: ಎರಡನೇ ಸುತ್ತಿನಲ್ಲಿ ಶೀರ್ಷಿಕೆ

‘60 ಅಕ್ಷರದೊಳಗೆ ಬರೆಯಿರಿ’ ಎಂಬ ಸಲಹೆ ಇಂಗ್ಲಿಷ್‌ನದು. ಶೀರ್ಷಿಕೆ ಕತ್ತರಿಸುವುದು ಅಗಲ ನೋಡಿ, ಕನ್ನಡ ಅಕ್ಷರದ ಅಗಲ ಹೆಚ್ಚು. ಎಣಿಸುವ ಉಪಕರಣಗಳನ್ನೂ ನಂಬಬೇಡಿ: ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ನೇರ ಫೋನಿನಲ್ಲೇ ನೋಡಿ. ಮುಖ್ಯ ಪದ ಮೊದಲ ಮೂರು ಪದಗಳೊಳಗೆ ಇರಲಿ, ಸೈಟಿನ ಹೆಸರು ಕೊನೆಗೆ. ‘ಪಹಣಿ ತಿದ್ದುಪಡಿ: ಬೇಕಾದ ದಾಖಲೆ, ಅರ್ಜಿ ಕೊಡುವ ಕಚೇರಿ’ ಎಂಬುದು ಒಳಗಿರುವುದನ್ನೇ ಹೇಳುತ್ತದೆ. ‘ರೈತರೇ ಗಮನಿಸಿ! ಪಹಣಿ ಬಗ್ಗೆ ಮಹತ್ವದ ಮಾಹಿತಿ’ ಏನನ್ನೂ ಹೇಳುವುದಿಲ್ಲ. 2021ರ ಆಗಸ್ಟ್‌ನಿಂದೀಚೆಗೆ ಗೂಗಲ್ ತನಗೆ ಹಿಡಿಸದ ಶೀರ್ಷಿಕೆ ಬಿಟ್ಟು ಪುಟದೊಳಗಿನ ದೊಡ್ಡ ತಲೆಬರಹವನ್ನು ತೋರಿಸುವುದು ಹೆಚ್ಚಿದೆ. ಹಾಗಾಗಿ ಎರಡೂ ಹತ್ತಿರ ಹತ್ತಿರ ಇರಲಿ.

ಹಂತ 7: ಕ್ಲಿಕ್ ನಿಮ್ಮಲ್ಲೇ ಕೊನೆಯಾಗಲಿ

ಪುಟವನ್ನು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಆಫ್ ಮಾಡಿ ತೆರೆಯಿರಿ. ಬೆರಳು ಜಾರಿಸದೆ ಕಾಣುವ ಭಾಗದಲ್ಲಿ ಉತ್ತರದ ಮೊದಲ ಸಾಲಾದರೂ ಇರಬೇಕು. ಅಲ್ಲಿ ‘ನಮ್ಮ ವಾಟ್ಸ್ಆ್ಯಪ್ ಗ್ರೂಪ್ ಸೇರಿ’ ಎಂಬ ಪಟ್ಟಿ, ನೋಟಿಫಿಕೇಶನ್ ಕೇಳುವ ಪೆಟ್ಟಿಗೆ, ಅರ್ಧ ಪರದೆಯ ಜಾಹೀರಾತು ಇದ್ದರೆ ಮೊದಲು ಅವನ್ನು ಕೆಳಗಿಳಿಸಿ. ಪೀಠಿಕೆ ಕತ್ತರಿಸಿ. ಓದುಗರಿಗೆ ಮುಂದೆ ಹುಟ್ಟುವ ಪ್ರಶ್ನೆಯನ್ನು ಅದೇ ಪುಟದಲ್ಲಿ ಉತ್ತರಿಸಿ: ದಾಖಲೆ ಹೇಳಿದ ಮೇಲೆ ‘ಅರ್ಜಿ ತಿರಸ್ಕೃತವಾದರೆ?’ ಎಂಬುದು ಬಂದೇ ಬರುತ್ತದೆ. ಅದಿಲ್ಲದಿದ್ದರೆ ಅವರು ಮರಳಿ ಹುಡುಕುತ್ತಾರೆ, ಕೊನೆಯ ಕ್ಲಿಕ್ ಬೇರೆಯವರ ಪಾಲು.

ಅನಲಿಟಿಕ್ಸ್‌ನ ಬೌನ್ಸ್ ರೇಟ್ ನೋಡಿ ಇದನ್ನು ಅಳೆಯಬೇಡಿ. ಸೈಟಿನ ಭೇಟಿಗಳನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿ ಜಿಎ4ನಲ್ಲಿ 10 ಸೆಕೆಂಡು ದಾಟಿದ, ಅಥವಾ ಎರಡು ಪುಟ ನೋಡಿದ, ಅಥವಾ ನೀವು ಗುರುತಿಸಿಟ್ಟ ಮುಖ್ಯ ಕ್ರಿಯೆ ಮಾಡಿದ ಭೇಟಿಗೆ ‘ತೊಡಗಿಸಿಕೊಂಡ ಭೇಟಿ’ ಎನ್ನುತ್ತಾರೆ, ಉಳಿದದ್ದೆಲ್ಲ ಬೌನ್ಸ್. ಹೆಲ್ಪ್‌ಲೈನ್ ಸಂಖ್ಯೆ ಬೇಕಿದ್ದವರು 7 ಸೆಕೆಂಡಿನಲ್ಲಿ ಓದಿಕೊಂಡು ಹೊರಟರೆ ಅಲ್ಲಿ ಬೌನ್ಸ್. ಹುಡುಕಾಟದ ಕಡೆಯಿಂದ ನೋಡಿದರೆ ಕೆಲಸ ಮುಗಿದ ಕ್ಲಿಕ್. ಅವರು ಫಲಿತಾಂಶದ ಪುಟಕ್ಕೆ ಮರಳಿದರೋ ಇಲ್ಲವೋ ಎಂಬುದು ಸರ್ಚ್ ಎಂಜಿನ್‌ಗೆ ಮಾತ್ರ ಕಾಣುತ್ತದೆ.

ಕ್ಲಿಕ್ ಖರೀದಿ ಏಕೆ ಕೈಕೊಡುತ್ತದೆ

2014ರಲ್ಲಿ ಅಮೆರಿಕದ ಎಸ್‌ಇಒ ತಜ್ಞ ರ‍್ಯಾಂಡ್ ಫಿಶ್‌ಕಿನ್ ಟ್ವಿಟರ್ ಹಿಂಬಾಲಕರಿಗೆ ಒಂದು ಪದ ಹುಡುಕಿ ತಮ್ಮ ಪುಟ ಒತ್ತುವಂತೆ ಕೇಳಿದಾಗ, ಅದು ಕೆಲವೇ ಗಂಟೆಗಳಲ್ಲಿ 7ನೇ ಸ್ಥಾನದಿಂದ 1ಕ್ಕೆ ಏರಿತು. ಕ್ಲಿಕ್ ಮಾರುವವರು ಇಂದಿಗೂ ತೋರಿಸುವುದು ಇದನ್ನೇ. ಅದು ಹೆಚ್ಚು ಜನ ಹುಡುಕದ ಪದವಾಗಿತ್ತು, ಒತ್ತಿದವರು ಬೇರೆ ಬೇರೆ ಊರು, ಸಾಧನ, ಖಾತೆಗಳ ನಿಜವಾದ ಮನುಷ್ಯರಾಗಿದ್ದರು ಎಂಬುದನ್ನು ಮಾತ್ರ ಹೇಳುವುದಿಲ್ಲ. ದಿನಕ್ಕೆ ಸಾವಿರಾರು ಜನ ಹುಡುಕುವ ಪದಕ್ಕೆ 13 ತಿಂಗಳ ದಾಖಲೆ ಲಕ್ಷಗಟ್ಟಲೆ ಇರುತ್ತದೆ. ಅದರ ಮುಂದೆ ಬಾಡಿಗೆಯ 500 ಕ್ಲಿಕ್ ಸಮುದ್ರಕ್ಕೆ ಸುರಿದ ಉಪ್ಪು. ಸೋರಿದ ದಾಖಲೆಯಲ್ಲಿ ಕ್ಲಿಕ್‌ಗಳನ್ನು ‘ಹಿಸುಕಿದ’ ಮತ್ತು ‘ಹಿಸುಕದ’ ಎಂದು ಬೇರೆ ಮಾಡಿದ್ದರು. ಒಂದೇ ಕಡೆಯಿಂದ ಉಕ್ಕಿ ಬಂದದ್ದು ಇಡೀ ಲೆಕ್ಕ ಕೆಡಿಸದಂತೆ ತಡೆಯುವ ಏರ್ಪಾಡು ಎಂದು ಅದನ್ನು ಓದಬಹುದು. ಯಂತ್ರದಿಂದ ಹುಡುಕಾಟ ಕಳಿಸುವುದು ಗೂಗಲ್‌ನ ಸ್ಪ್ಯಾಮ್ ನೀತಿಗೂ ವಿರುದ್ಧ.

ಊರಿನ ಗ್ರೂಪಿನಲ್ಲಿ ಲಿಂಕ್ ಹಾಕಿ ಒತ್ತಿಸುವುದು ಇದರಲ್ಲಿ ಸೇರಿಯೇ ಇಲ್ಲ. ಅದು ಹುಡುಕಾಟದಿಂದ ಬಂದ ಕ್ಲಿಕ್ ಅಲ್ಲ. ಓದುಗರು ಬಂದರೆ ಸಂತೋಷ, ಆ ಲೆಕ್ಕ ಬೇರೆ.

ದಾಖಲೆ ಇಡುವುದು

ಒಂದು ಹಾಳೆಯಲ್ಲಿ ಆರು ಅಂಕಣ: ದಿನಾಂಕ, ಪುಟ, ಹುಡುಕಾಟ, ಹಳೆಯ ಪಠ್ಯ, ಹೊಸ ಪಠ್ಯ, ಗೂಗಲ್ ನಿಜಕ್ಕೂ ತೋರಿಸಿದ ಪಠ್ಯ. ಕೊನೆಯದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಏನನ್ನು ಪರೀಕ್ಷಿಸಿದೆವು ಎಂದೇ ತಿಳಿಯದಾಗುತ್ತದೆ. ಸರ್ಚ್ ಕನ್ಸೋಲ್ 16 ತಿಂಗಳಿಗಿಂತ ಹಳೆಯ ಮಾಹಿತಿ ಇಡುವುದಿಲ್ಲ, ಹೊಸದು ಪೂರ್ತಿಯಾಗಲು ಎರಡು ಮೂರು ದಿನ ಹಿಡಿಯುತ್ತದೆ. ಪ್ರತಿ ತಿಂಗಳ 5ನೇ ತಾರೀಕು ಹಿಂದಿನ ತಿಂಗಳ ವರದಿಯನ್ನು ಕನ್ನಡ ಲಿಪಿಯದು, ಉಳಿದದ್ದು ಎಂದು ಎರಡು ಫೈಲಾಗಿ ಇಳಿಸಿಟ್ಟುಕೊಳ್ಳಿ.